ಬಿಳಿ ಚೀಟಿಯ ನೊಣಗಳು

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು: ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ತೆಗೆಯುವುದು. ಬೆನ್ನು ಒರೆಸಿ, ಹುಣ್ಣಾಗದಂತೆ ಪೌಡರ್ ಹಾಕಿ, ಬಲಮಗ್ಗುಲಿಗೆ ಹೊರಳಿಸಿ ಒಣಬಟ್ಟೆ ಎಳೆಯುವುದು. ತೆಗೆದದ್ದನ್ನು ನೆನೆಹಾಕಿ, ಹಿಂದಿನ ರಾತ್ರಿ ನೆನೆಹಾಕಿದ್ದನ್ನು ಒಗೆಯುವುದು. ನಲ್ಲಿ ನಿಲ್ಲುವಷ್ಟರಲ್ಲಿ ಡ್ರಮ್ಮು, ಬಕೆಟ್ಟು, ದೊಡ್ಡ ಪಾತ್ರೆ, ಕೊನೆಗೆ ಕೈಗೆ ಸಿಕ್ಕ ತಂಬಿಗೆಯನ್ನೂ ಬಿಡದೆ ತುಂಬಿಸಿಡುವುದು. ಅನ್ನಕ್ಕಿಟ್ಟು, ಅದು ಬೇಯುತ್ತಿರುವಾಗ ತರಕಾರಿ ಹೆಚ್ಚುವುದು. ಅತ್ತೆಯ ಪಾಲನ್ನು ಉಪ್ಪು ಕಡಿಮೆ ಮಾಡಿ, ಹಿಸುಕಿ ಬೇರೆ ಇಡುವುದು. ಗಂಡನ ಪಾಲನ್ನು ಖಾರ ಹೆಚ್ಚಿಸಿ ಬೇರೆ ಮುಚ್ಚಿಡುವುದು. ತನ್ನ ಪಾಲು ಅಂತ ಬೇರೆ ತೆಗೆದಿಡುವ ಪದ್ಧತಿ ಆ ಮನೆಯಲ್ಲಿಲ್ಲ. ಪಾತ್ರೆಯ ತಳದಲ್ಲಿ ಉಳಿದದ್ದು ಅವಳ ಡಬ್ಬಿಗೆ ಹೋಗುತ್ತದೆ. ಕೊನೆಯದಾಗಿ, ರಾತ್ರಿ ಪಾಳಿ ಮುಗಿಸಿ ಬರುವ ಗಂಡನಿಗೆ ಹಾಸಿಗೆ ಕೊಡವಿ, ಕಿಟಕಿಗೆ ದಪ್ಪ ಪರದೆ ಎಳೆಯಬೇಕು. ಹೊರಗೆ ಬೆಳಕಾಗುತ್ತಿರುವಾಗ ಅವಳು ಒಳಗೆ ಅವನಿಗಾಗಿ ಕತ್ತಲು ಮಾಡಿಟ್ಟು ಹೊರಡುತ್ತಾಳೆ.

ಹೊರಡುವುದು ನೊಣ ಸಾಕುವ ಕೆಲಸಕ್ಕೆ.

ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೇಷ್ಟ್ರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಅವಳನ್ನು ನೊಣದಕ್ಕ ಎನ್ನುತ್ತಾರೆ. ಆ ಹೆಸರು ಹೇಗೋ ಮನೆಯ ಬೀದಿಗೂ ಬಂದು ಸೇರಿತು. ಎದುರು ಮನೆಯಾಕೆ ಒಮ್ಮೆ ಬಾಗಿಲಲ್ಲಿ ನಿಂತು ಅತ್ತೆಯನ್ನು ಕೆಣಕಿದ್ದಳು. "ಅಲ್ಲ ಅಜ್ಜಿ, ನಾವೆಲ್ಲ ನೊಣ ಓಡಿಸೋಕೆ ಒದ್ದಾಡ್ತೀವಿ, ನಿಮ್ಮ ಸೊಸೆ ಸಾಕೋಕೆ ಸಂಬಳ ತಗೋತಾಳಂತೆ?"

ಅತ್ತೆ ಮಲಗಿದಲ್ಲಿಂದಲೇ ಉತ್ತರ ಕೊಟ್ಟಿದ್ದಳು. "ನನ್ನ ಮಗನ್ನೇ ಸಾಕ್ತಿದ್ದಾಳೆ, ನೊಣ ಯಾವ ಮಹಾ. ನೊಣ ಆದ್ರೂ ತಿಂದ ತಟ್ಟೇನ ಅಲ್ಲೇ ಬಿಟ್ಟು ಹೋಗಲ್ಲವಲ್ಲ."

ಅತ್ತೆಯ ಸೊಂಟ ಮುರಿದಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ.

ನೊಣದಕ್ಕ ವಿಭಾಗಕ್ಕೆ ಬಂದದ್ದು ಸೀಸೆ ತೊಳೆಯುವವಳಾಗಿ. ಮಗಳು ಆಗ ಶಾಲೆಯಲ್ಲಿದ್ದಳು; ಈಗ ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ದಿನವಿಡೀ ಗಾಜಿನ ಸೀಸೆಗಳ ಒಳಗೆ ಬ್ರಷ್ ಆಡಿಸುವುದು, ಬಿಸಿ ಹಬೆಯಲ್ಲಿ ಬೇಯಿಸಿ ಒಣಗಿಸುವುದು, ಬಾಯಿಗೆ ಹತ್ತಿ ಬಿರಡೆ ಸುತ್ತುವುದು. ನೊಣಗಳಿಗೆ ಆಹಾರ ಬೇಯಿಸುತ್ತಿದ್ದ ಮುದುಕ ನಿವೃತ್ತನಾದ ದಿನ ಮೇಷ್ಟ್ರು ಅವಳನ್ನು ಕರೆದು, ಇನ್ನು ಮೇಲೆ ಆಹಾರದ ಕೋಣೆ ನಿನ್ನದು ಎಂದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಇಲ್ಲೂ ಅಡುಗೇನಾ ಸಾರ್?"

"ಇಲ್ಲಿ ರುಚಿ ಸರಿಯಿಲ್ಲ ಅನ್ನೋರು ಯಾರೂ ಇರಲ್ಲಮ್ಮ," ಎಂದಿದ್ದರು ಮೇಷ್ಟ್ರು.

ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟು, ಗಟ್ಟಿಯಾಗಲು ಅಗರ್. ಗಂಟಾಗದಂತೆ ಕೈಬಿಡದೆ ತಿರುವಬೇಕು. ಇಳಿಸಿದ ಮೇಲೆ ಬೂಷ್ಟು ಹಿಡಿಯದಂತೆ ಹಾಕುವ ಆಮ್ಲಕ್ಕೆ ಹಳಸಿದ ಬೆವರಿನ ವಾಸನೆ. ಮೊದಲ ತಿಂಗಳು ಅವಳಿಗೆ ಊಟ ಸೇರಲಿಲ್ಲ. ಆಮೇಲೆ ಆ ವಾಸನೆ ಅವಳ ಸೀರೆಗೆ, ಕೂದಲಿಗೆ, ಉಗುರಿನ ಸಂದಿಗೆ ಸೇರಿಕೊಂಡು ಅವಳದೇ ಆಗಿಹೋಯಿತು. ನಂತರ ನೊಣಗಳನ್ನು ಹಳೆ ಸೀಸೆಯಿಂದ ಹೊಸ ಸೀಸೆಗೆ ಬದಲಾಯಿಸುವುದನ್ನೂ ಕಲಿತಳು. ಸೀಸೆಯ ತಳವನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಎಲ್ಲವೂ ಕೆಳಗುದುರುತ್ತವೆ. ಅವು ಮತ್ತೆ ಹಾರುವುದರೊಳಗೆ ಬಿರಡೆ ತೆಗೆದು, ಹೊಸ ಸೀಸೆಯ ಬಾಯಿಗೆ ಬಾಯಿ ಸೇರಿಸಿ, ಬೋರಲು ಹಾಕಿ ಮತ್ತೊಮ್ಮೆ ತಟ್ಟಬೇಕು. ಒಂದು ನೊಣ ತಪ್ಪಿಸಿಕೊಂಡರೂ ಹಾಳು. ಅವಳ ಕೈಯಲ್ಲಿ ತಪ್ಪಿಸಿಕೊಂಡದ್ದು ಕಡಿಮೆ.

ಒಂದು ದಿನ ಯಾರೋ ಅವಳನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಇಟ್ಟಿಗೆ ಕೆಂಪಿನ ದೊಡ್ಡ ಕಣ್ಣು, ಗಾಜಿನಂಥ ರೆಕ್ಕೆ. ನೊಣ ಮುಂಗಾಲುಗಳನ್ನು ಉಜ್ಜಿಕೊಂಡು ಮುಖ ಒರೆಸಿಕೊಳ್ಳುತ್ತಿತ್ತು. "ಅಯ್ಯೋ, ಕೆಲಸ ಮುಗಿಸಿ ಬಂದೋಳ ಥರ ಇದೆಯಲ್ಲ," ಎಂದಳು.

ಅವಳಿಗೆ ಈ ಕೆಲಸ ಇಷ್ಟವಾಗಿತ್ತು ಎಂದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇಲ್ಲಿ ಅವಳಿಗೆ ಒಂದು ಬೀಗದ ಕೈ ಇತ್ತು. ಜೇಬಿರುವ ಬಿಳಿ ಕೋಟು ಇತ್ತು. ಸೀಸೆಗಳ ಸಾಲು ಮುಗಿದರೆ ಮುಗಿಯಿತು. ಯಾರೂ ಬಂದು ಅದೇ ಸೀಸೆಗೆ ಮತ್ತೆ ಎಂಜಲು ಮಾಡುತ್ತಿರಲಿಲ್ಲ. ಆದರೆ ಅದು ಖಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಮೇಷ್ಟ್ರು ಸಹಿ ಹಾಕಿದರೆ ಇನ್ನೊಂದು ವರ್ಷ.

ಕನ್ನಡಕದ ಹುಡುಗಿ ಸಂಶೋಧನೆಗೆಂದು ಬಂದು ಮೂರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಆಹಾರದ ಕೋಣೆಯ ಹೊಸ್ತಿಲ ಮೇಲೆ ಕೂತು ತಾನು ಮಾಡಹೊರಟಿದ್ದನ್ನು ನೊಣದಕ್ಕನಿಗೆ ವಿವರಿಸಿದ್ದಳು.

"ಲೋಕಾನೇ ಬಿಸಿ ಆಗ್ತಾ ಇದೆ ಅಲ್ವಾ ಅಕ್ಕ. ಸೆಖೆ ತಡ್ಕೊಳ್ಳೋ ಗುಣ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುತ್ತಾ, ತಡ್ಕೊಳ್ಳೋವನ್ನೇ ಆರಿಸ್ತಾ ಹೋದ್ರೆ ಅದು ಎಷ್ಟು ಬೆಳೆಯುತ್ತೆ, ಅದಕ್ಕೆ ಬದಲಾಗಿ ನೊಣ ಏನು ಕಳ್ಕೊಳ್ಳುತ್ತೆ. ಅದನ್ನ ನೋಡ್ಬೇಕು."

"ಆರಿಸೋದು ಹೆಂಗೆ?"

"ಸಣ್ಣ ಕೊಳವೇಲಿ ಒಂದೊಂದೇ ನೊಣ ಹಾಕಿ ಬಿಸಿನೀರಲ್ಲಿ ಇಳಿಬಿಡೋದು. ಒಂದೊಂದೇ ಬೀಳ್ತಾ ಹೋಗುತ್ತೆ. ಕೊನೇ ತನಕ ನಿಂತವಕ್ಕೆ ಮದುವೆ."

"ಮೊದಲು ಬಿದ್ದವಕ್ಕೆ?"

"ಸೋಪು ನೀರು."

"ನಮ್ಮಲ್ಲೂ ಅದೇ ಬಿಡು ತಾಯಿ," ಎಂದಳು ನೊಣದಕ್ಕ, ತಿರುವುವ ಕೈ ನಿಲ್ಲಿಸದೆ. "ತಡ್ಕೊಂಡೋಳಿಗೆ ಒಳ್ಳೇ ಸೊಸೆ ಅಂತ ಹೆಸರು."

ಹುಡುಗಿ ಕನ್ನಡಕ ಜಾರುವಷ್ಟು ನಕ್ಕಳು. ಆಮೇಲೆ ಸೀಸೆಗಳಿಗೆ ಅಂಟಿಸುವ ಚೀಟಿಗಳನ್ನು ತೋರಿಸಿದಳು. ಬಿಸಿಗೆ ಆರಿಸಿದ ವಂಶಕ್ಕೆ ಕೆಂಪು ಚೀಟಿ. ಆರಿಸದೆ ಹಾಗೇ ಬಿಟ್ಟ ವಂಶಕ್ಕೆ ಬಿಳಿ ಚೀಟಿ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಒಂದು ಪಾಲು ಬಿಸಿಗೆ, ಒಂದು ಪಾಲು ನೆರಳಿಗೆ.

"ಬಿಳಿಯವನ್ನ ಯಾವತ್ತೂ ತಂಪು ಕೋಣೆ ಬಿಟ್ಟು ಇಡಬಾರದು ಅಕ್ಕ. ಅವು ಸುಖವಾಗಿ ಇದ್ದರೇನೇ, ಕೆಂಪಿನವು ಎಷ್ಟು ಗಟ್ಟಿ ಆದ್ವು ಅಂತ ಹೋಲಿಸಿ ನೋಡೋಕೆ ಆಗೋದು."

"ಅಂದ್ರೆ ಇವು ತವರುಮನೇಲಿ ಇರೋ ಹೆಣ್ಣುಮಕ್ಕಳು."

"ಹಾಂ, ಸರಿಯಾಗಿ ಹೇಳಿದ್ರಿ!"

ಇದೆಲ್ಲ ಅವಳಿಗೆ ಗೊತ್ತಿತ್ತು. ಮುಂದೆ ಆದದ್ದು ಗೊತ್ತಿಲ್ಲದೆ ಆದ ತಪ್ಪಲ್ಲ.

ತಂಪು ಕೋಣೆ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಆಹಾರದ ಕೋಣೆ ಎಲ್ಲಕ್ಕಿಂತ ಮೇಲೆ, ತಗಡಿನ ಮಾಡಿನ ಕೆಳಗೆ. ನಡುವೆ ಮೆಟ್ಟಿಲು. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೆಂದು ಕೇಳಿದರೆ ಗೇಟಿನವನು, "ಅದು ಯಾವಾಗ ಚೆನ್ನಾಗಿತ್ತು?" ಎಂದು ತಿರುಗಿ ಕೇಳುತ್ತಿದ್ದ. ಬೆಳಿಗ್ಗೆ ಮೇಲೆ ಆಹಾರ ಬೇಯಿಸಿ, ಸೀಸೆಗೆ ಹುಯ್ದು, ಆರಲು ಬಿಟ್ಟು, ತಟ್ಟೆಗಳಲ್ಲಿ ಜೋಡಿಸಿ ಕೆಳಗೆ ಹೊತ್ತುಕೊಂಡು ಹೋಗಿ, ಅಲ್ಲಿ ನೊಣ ಬದಲಾಯಿಸಿ, ಹಳೆ ಸೀಸೆಗಳನ್ನು ಮತ್ತೆ ಮೇಲೆ ಹೊತ್ತು ತಂದು ತೊಳೆಯುವುದು. ಬಹಳ ಕಾಲ ಹಾಗೆಯೇ ನಡೆದಿತ್ತು.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು. ಆಸ್ಪತ್ರೆಯಿಂದ ಮನೆಗೆ ತಂದ ಸಂಜೆ ಗಂಡ ಮತ್ತು ಫೋನಿನಲ್ಲಿ ನಾದಿನಿ ಸೇರಿ ಮಾತಾಡಿದರು. ಹಗಲು ಹೊತ್ತು ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತು ಮಾಡೋಣ ಎಂದದ್ದು ನೊಣದಕ್ಕ.

"ಅಮ್ಮನ್ನ ಹೊರಗಿನೋರ ಕೈಗೆ ಕೊಡೋದಾ?" ಎಂದ ಗಂಡ.

"ನೀವಿದ್ದೀರಲ್ಲ ಅತ್ತಿಗೆ, ನಮಗೆ ಅದೇ ಧೈರ್ಯ," ಎಂದಳು ನಾದಿನಿ, ದೂರದ ಊರಿನಿಂದ. "ನೊಣ ಸಾಕೋ ಕೆಲಸ ತಾನೇ, ಬಿಟ್ಟರಾಯ್ತು. ಜನ ಏನು ಕಮ್ಮೀನಾ ಅದಕ್ಕೆ?"

ಬಿಡುವುದಿಲ್ಲ ಎಂದು ಅವಳು ಹೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ ಬಂದು ಹೋಗುತ್ತೇನೆ ಎಂದಳು. ಗಂಡ ಶೀತಲಗೃಹದಲ್ಲಿ ರಾತ್ರಿ ಪಾಳಿಯವನು. ರಾತ್ರಿಯಿಡೀ ಹಣ್ಣು ತರಕಾರಿಯ ಪೆಟ್ಟಿಗೆಗಳ ನಡುವೆ ಉಣ್ಣೆ ಟೋಪಿ ಹಾಕಿಕೊಂಡು ತಿರುಗುವವನಿಗೆ ಹಗಲು ನಿದ್ದೆ ಬೇಕು, ಅದು ಸರಿಯೇ. ಆದರೆ ಅವಳು ಮಧ್ಯಾಹ್ನ ಬಿಸಿಲಲ್ಲಿ ಓಡಿ ಬಂದಾಗ ಬಚ್ಚಲ ಕಟ್ಟೆಯ ಮೇಲೆ ಆಗತಾನೆ ಚಹಾ ಕುಡಿದಿಟ್ಟ ಲೋಟ ಇರುತ್ತಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗೆ. ಎದ್ದು, ತಾಯಿಯ ಮಂಚ ದಾಟಿ, ಅಡುಗೆಮನೆಗೆ ಹೋಗಿ, ಚಹಾ ಮಾಡಿಕೊಂಡು, ಮತ್ತೆ ತಾಯಿಯ ಮಂಚ ದಾಟಿ ಒಳಗೆ ಹೋಗಿ ಮಲಗಿದವನ ಲೋಟ. ತಾಯಿ ಒದ್ದೆಯಲ್ಲೇ ಇರುತ್ತಿದ್ದಳು. ಮಗನನ್ನು ಕೂಗುತ್ತಿರಲಿಲ್ಲ. "ಗಂಡುಮಗ ತಾಯಿನ ಒರೆಸೋದು ಅಂದ್ರೇನು, ಅಂಥಾ ಕಾಲ ಬಂದ್ರೆ ನನ್ನ ಕಣ್ಣು ಮುಚ್ಚಲಿ," ಎನ್ನುತ್ತಿದ್ದಳು.

ಹಾಗಾಗಿ ದಿನದ ನಡುವೆ ಒಂದು ದೊಡ್ಡ ತೂತು ಬಿತ್ತು. ಅದನ್ನು ಹೊಲಿಯಲು ನೊಣದಕ್ಕನಿಗೆ ಗೊತ್ತಿದ್ದ ದಾರಿ ಒಂದೇ: ಒಂದು ಕೆಲಸದ ಮೇಲೆ ಇನ್ನೊಂದನ್ನು ಹೇರುವುದು. ಅನ್ನ ಬೇಯುವಾಗ ತರಕಾರಿ ಹೆಚ್ಚುವವಳು, ಹೆಚ್ಚುತ್ತಲೇ ಹಾಲಿನ ಮೇಲೆ ಕಣ್ಣಿಡುವವಳು. ಬೆಳಿಗ್ಗೆ ಬಂದವಳೇ ಬಿಳಿ ಚೀಟಿಯ ತಟ್ಟೆಗಳನ್ನು ನೆಲಮಾಳಿಗೆಯಿಂದ ಮೇಲಕ್ಕೆ ತಂದು ಆಹಾರದ ಕೋಣೆಯಲ್ಲೇ ಇಟ್ಟುಕೊಂಡಳು. ಪಾತ್ರೆ ಕುದಿಯುತ್ತಿರುವಾಗಲೇ ಹಳೆ ಸೀಸೆ ಬದಲಾಯಿಸಿದಳು. ಮೆಟ್ಟಿಲು ಹತ್ತಿಳಿಯುವುದು ಅರ್ಧ ಕಡಿಮೆಯಾಯಿತು. ಮಧ್ಯಾಹ್ನ ಮನೆಗೆ ಓಡುವಾಗ ತಟ್ಟೆಗಳ ಮೇಲೆ ಒಂದು ತೆಳು ಬಟ್ಟೆ ಹೊದಿಸುತ್ತಿದ್ದಳು, ಮನೆಯಲ್ಲಿ ಮಾಡಿಟ್ಟ ಅಡುಗೆಗೆ ಹೊದಿಸುವಂತೆ. ಪಕ್ಕದಲ್ಲಿ ಸೀಸೆ ಬೇಯಿಸುವ ಹಬೆಯ ಯಂತ್ರ ತನ್ನಷ್ಟಕ್ಕೆ ಉಸ್ಸೆನ್ನುತ್ತಿತ್ತು. ಮೇಲೆ ತಗಡು ಕಾಯುತ್ತಿತ್ತು. ಸಂಜೆ ಎಲ್ಲರೂ ಹೋಗುವ ಮೊದಲು ತಟ್ಟೆಗಳು ತಂಪು ಕೋಣೆಯಲ್ಲಿ ತಮ್ಮ ಜಾಗದಲ್ಲಿರುತ್ತಿದ್ದವು. ಕೆಂಪಿನವು ಹುಡುಗಿಯ ಕೈಯಲ್ಲೇ ಇದ್ದುದರಿಂದ ಅವುಗಳ ತಂಟೆಗೆ ಇವಳು ಹೋಗಲಿಲ್ಲ. ಹುಡುಗಿ ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ಕೂತಿರುತ್ತಿದ್ದಳು. ಬಿಳಿಯವು ನೊಣದಕ್ಕನ ಕೈಯಲ್ಲಿವೆ ಎಂಬ ನೆಮ್ಮದಿ ಅವಳಿಗೆ.

ನೆಲಮಾಳಿಗೆಯ ಕೋಣೆಯಲ್ಲಿ ಉಷ್ಣಮಾಪಕ ಇತ್ತು, ಎರಡೆರಡು. ಆಹಾರದ ಕೋಣೆಯಲ್ಲಿ ಇರಲಿಲ್ಲ. ಅಲ್ಲಿ ಇರುತ್ತಿದ್ದದ್ದು ಅವಳೊಬ್ಬಳೇ, ಅವಳಿಗೆ ಎಷ್ಟು ಸೆಖೆಯಾಗುತ್ತದೆ ಎಂದು ಅಳೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅವಳಿಗೂ ಬಿದ್ದಿರಲಿಲ್ಲ. ಬಿಳಿ ಚೀಟಿಯ ಸೀಸೆಗಳಲ್ಲಿ ಸತ್ತ ನೊಣಗಳು ಹೆಚ್ಚು ಸಿಗತೊಡಗಿದಾಗ, ಆಹಾರ ನೀರಾಗಿ ಕಾಲು ಅಂಟಿರಬೇಕು ಎಂದುಕೊಂಡು ಒಂದು ಚಿಟಿಕೆ ಅಗರ್ ಜಾಸ್ತಿ ಹಾಕಿದಳು. ಕೆಲವು ಸೀಸೆಗಳಲ್ಲಿ ಮೊಟ್ಟೆಯಿಂದ ಹುಳುವೇ ಏಳಲಿಲ್ಲ. ಅವನ್ನು ತೊಳೆದಿಟ್ಟಳು.

ಈ ಬೇಸಿಗೆಯಲ್ಲಿ ಒಂದು ಸಂಜೆ ಹುಡುಗಿ ಎರಡೂ ವಂಶಗಳನ್ನು ಒಟ್ಟಿಗೆ ಬಿಸಿನೀರಿಗೆ ಇಳಿಸಿ ನೋಡಿದಳು. ಮರುದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅವಳು ಆಹಾರದ ಕೋಣೆಗೆ ಬಂದು ಬಾಗಿಲಿಗೊರಗಿ ನಿಂತಾಗ ಅವಳ ಮುಖ ನೋಡಿ ನೊಣದಕ್ಕ ಒಲೆ ಸಣ್ಣ ಮಾಡಿದಳು.

"ಏನಾಯ್ತೇ?"

"ಬಿಳಿಯವೂ ಬೀಳ್ತಿಲ್ಲ ಅಕ್ಕ."

"ಅಂದ್ರೆ?"

"ಅಂದ್ರೆ ಕೆಂಪಿನವಕ್ಕೂ ಬಿಳಿಯವಕ್ಕೂ ಏನೂ ವ್ಯತ್ಯಾಸಾನೇ ಇಲ್ಲ. ಮೂರು ವರ್ಷದ ಕೆಲಸ. ಸೆಖೇನೇ ನೋಡದ ನೊಣಗಳು ಕಲ್ಲಿನ ಹಾಗೆ ನಿಂತಿವೆ." ಅವಳು ನಗಲು ಹೋಗಿ ಆಗದೆ ಮೂಗು ಒರೆಸಿಕೊಂಡಳು. "ಮೇಷ್ಟ್ರು ಏನಂದ್ರು ಗೊತ್ತಾ? ಸೀಸೆ ಅದಲುಬದಲು ಮಾಡಿದ್ದೀಯ ಅಂದ್ರು. ಗಮನ ಎಲ್ಲಿಟ್ಟಿದ್ದೀಯ, ಮನೇಲಿ ಗಂಡು ನೋಡ್ತಿದ್ದಾರಾ ಅಂದ್ರು. ಎಲ್ಲರೆದುರು."

"ನೀನು ಅದಲುಬದಲು ಮಾಡಿಲ್ಲ."

"ಮಾಡಿರಬಹುದು ಅಕ್ಕ. ನಂಗೆ ಈಗ ಏನೂ ಗೊತ್ತಾಗ್ತಿಲ್ಲ. ರಾತ್ರಿಯೆಲ್ಲ ನೆನಪು ಮಾಡ್ಕೋತಾ ಇದ್ದೆ, ಯಾವತ್ತು ನಿದ್ದೆಗಣ್ಣಲ್ಲಿದ್ದೆ, ಯಾವತ್ತು ಜ್ವರ ಇತ್ತು ಅಂತ." ಅವಳು ಕನ್ನಡಕ ತೆಗೆದಳು. ಗಾಜಿನ ಮೇಲೆ ಹಬೆ ಕೂತಿತ್ತು, ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. "ನಾಳೆ ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರ್ತಿದ್ದಾರೆ. ಅವರ ಮುಂದೇನೇ ಈ ವಿಷಯ ಮುಚ್ಚಿಬಿಡೋಣ, ನೊಣ ಎಲ್ಲ ಬಿಸಾಕು ಅಂದಿದ್ದಾರೆ ಮೇಷ್ಟ್ರು. ಇನ್ನೊಂದು ವಿಷಯ ಕೊಡ್ತಾರೋ, ಮನೆಗೆ ಹೋಗು ಅಂತಾರೋ." ಅವಳು ಕುತ್ತಿಗೆಯ ಬೆವರು ಒರೆಸಿಕೊಂಡಳು. "ಅಬ್ಬಾ, ಇಲ್ಲಿ ಹೆಂಗೆ ಇರ್ತೀರ ಅಕ್ಕ? ಉಸಿರು ಕಟ್ತಿದೆ ನಂಗೆ."

"ಸೆಖೇನಾ? ಎಲ್ಲಿ?" ಎಂದಳು ನೊಣದಕ್ಕ.

ಅವಳು ನಿಜವಾಗಿಯೇ ಕೇಳಿದ್ದಳು. ಹುಡುಗಿಯ ರವಿಕೆಯ ತೋಳು ಒದ್ದೆಯಾಗಿ ಅಂಟಿದ್ದು, ಮುಖ ಕೆಂಪಾಗಿದ್ದು ಕಣ್ಣಿಗೆ ಬಿತ್ತು. ತನ್ನ ಹಣೆ ಮುಟ್ಟಿ ನೋಡಿಕೊಂಡಳು, ಒಣಗಿತ್ತು. ಹುಡುಗಿ ಒರಗಿದ್ದ ಬಾಗಿಲ ಮರೆಯಲ್ಲಿ, ಹಬೆಯ ಯಂತ್ರದ ಮಗ್ಗುಲಿಗೆ, ತೆಳು ಬಟ್ಟೆಯ ಕೆಳಗೆ ಬಿಳಿ ಚೀಟಿಯ ತಟ್ಟೆಗಳಿದ್ದವು.

ಎರಡು ವಾರಕ್ಕೊಂದು ತಲೆಮಾರು. ಒಂದು ವರ್ಷದಿಂದ ಹಗಲೆಲ್ಲ ಅವು ಈ ಕೋಣೆಯಲ್ಲಿದ್ದವು. ತಡೆಯಲಾರದವು ಸತ್ತವು, ಇಲ್ಲವೆ ಬಂಜೆಯಾದವು, ತಡೆದವು ಮೊಟ್ಟೆಯಿಟ್ಟವು. ಯಾರೂ ಆರಿಸದೆಯೇ ಆಯ್ಕೆ ನಡೆದುಹೋಗಿತ್ತು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಂಡ. "ಎಲ್ಲಿದ್ದೀಯ? ಅಮ್ಮ ಆಗಲೇ ನರಳ್ತಿದ್ದಾಳೆ. ನಂಗೆ ನಿದ್ದೆ ಇಲ್ಲ ಏನಿಲ್ಲ."

"ಬಂದೆ," ಎಂದಳು ಅವಳು. ಹುಡುಗಿಯ ಭುಜ ಮುಟ್ಟಿ, "ಮುಖ ತೊಳ್ಕೋ, ಬಂದುಬಿಡ್ತೀನಿ," ಎಂದು ಮೆಟ್ಟಿಲಿಳಿದು ಓಡಿದಳು.

ಓಡಿದ್ದು ಅತ್ತೆಗಾಗಿ ಮಾತ್ರವಲ್ಲ ಎಂಬುದು ಬೀದಿ ತಿರುಗುವಷ್ಟರಲ್ಲಿ ಅವಳಿಗೇ ತಿಳಿಯಿತು. ತಿರುಗಿ ಬರುವಷ್ಟರಲ್ಲಿ ಹುಡುಗಿ ಹೊರಟುಹೋಗಿದ್ದಳು. ಅವಳ ಫೋನು ಆಫ್ ಆಗಿತ್ತು.

ಸಂಜೆ ಬಟ್ಟೆ ಮಡಿಸುತ್ತ ಅವಳು ಲೆಕ್ಕ ಹಾಕಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ನೊಣಗಳೆಲ್ಲ ಸೋಪು ನೀರಿಗೆ ಹೋಗುತ್ತವೆ, ಅಲ್ಲಿಗೆ ಸಾಕ್ಷಿಯೂ ಮುಗಿಯಿತು. ಹುಡುಗಿ ಓದಿದವಳು, ಇನ್ನೊಂದು ವಿಷಯ ಹಿಡಿದಾಳು. ಆದರೆ ತಾನು ನಿದ್ದೆಗಣ್ಣಲ್ಲಿ ಸೀಸೆ ಬದಲಿಸಿದೆ ಎಂದು ಜನ್ಮವಿಡೀ ನಂಬಿಕೊಂಡಿರುತ್ತಾಳೆ. ಆ ಮೇಷ್ಟ್ರು ಮುಂದೆ ಬರುವ ಪ್ರತಿ ಹುಡುಗಿಗೂ ಅವಳ ಕಥೆ ಹೇಳುತ್ತಾರೆ. ಹೇಳಿದರೆ ಸಹಿ ಬೀಳುವುದಿಲ್ಲ. ಬೀಗದ ಕೈ ವಾಪಸ್ಸು. ಆಮೇಲೆ ಈ ಮನೆ, ಬೆಳಿಗ್ಗೆಯಿಂದ ಬೆಳಿಗ್ಗೆಯವರೆಗೆ. ನಾದಿನಿ ಫೋನಿನಲ್ಲಿ, "ನೋಡಿ ಅತ್ತಿಗೆ, ಎರಡು ದೋಣಿ ಮೇಲೆ ಕಾಲು ಯಾಕೆ ಅಂತ ನಾನು ಆಗಲೇ ಹೇಳಿದ್ದೆ," ಎನ್ನುವ ದನಿ ಕೂಡ ಅವಳಿಗೆ ಕೇಳಿಸಿತು.

"ಏನು ಹಾಗೆ ಮುಖ ಮಾಡಿದ್ದೀಯ?" ಎಂದಳು ಅತ್ತೆ ಮಂಚದಿಂದ. "ನಿನ್ನ ನೊಣಕ್ಕೆ ನೆಗಡಿಯಾ?"

"ಅತ್ತೆ, ನಮ್ಮ ಅಡುಗೆಮನೆ ಸೆಖೆ ಅನ್ಸುತ್ತಾ ನಿಮಗೆ?"

"ಇದೇನು ಪ್ರಶ್ನೆ." ಅತ್ತೆ ದಿಂಬಿನ ಮೇಲೆ ತಲೆ ಹೊರಳಿಸಿದಳು. "ಮದುವೆಯಾಗಿ ಬಂದ ಹೊಸದರಲ್ಲಿ ಎರಡು ಸಲ ಒಲೆ ಮುಂದೆ ಬವಳಿ ಬಂದು ಬಿದ್ದಿದ್ದೆ. ನಮ್ಮತ್ತೆ ಮುಖಕ್ಕೆ ನೀರು ಎರಚಿ, ಅಭ್ಯಾಸ ಆಗುತ್ತೆ ಅಂದ್ಲು. ಆಯ್ತು. ಆಮೇಲೆ ಯಾವತ್ತೂ ಅನ್ನಿಸ್ಲಿಲ್ಲ."

"ಅನ್ನಿಸದೇ ಇರೋದು ಒಳ್ಳೇದಾ?"

"ಒಳ್ಳೇದೋ ಕೆಟ್ಟದ್ದೋ, ಅಡುಗೆ ಆಯ್ತಲ್ಲ," ಎಂದಳು ಅತ್ತೆ. "ಆ ದಿಂಬು ಸ್ವಲ್ಪ ಮೇಲೆ ಮಾಡು."

ಅವಳು ದಿಂಬು ಮೇಲೆ ಮಾಡಿದಳು.

ಮರುದಿನ ಬೆಳಿಗ್ಗೆ ಗಂಡ ಪಾಳಿ ಮುಗಿಸಿ ಬಂದು ಉಣ್ಣೆ ಟೋಪಿಯನ್ನು ಮೊಳೆಗೆ ನೇತುಹಾಕುತ್ತಿರುವಾಗ ಅವಳು ಹೇಳಿದಳು.

"ಇವತ್ತು ಮಧ್ಯಾಹ್ನ ಅತ್ತೇನ ನೀವೇ ನೋಡ್ಕೋಬೇಕಾಗಬಹುದು. ವಿಭಾಗದಲ್ಲಿ ನಾನು ಇರಬೇಕು."

"ನೋಡ್ಕೊಳ್ಳೋದು ಅಂದ್ರೆ?"

"ಒರೆಸಿ, ಬಟ್ಟೆ ಬದಲಾಯಿಸಿ, ಊಟ ಮಾಡಿಸೋದು."

"ನಾನಾ?" ಅವನು ನಕ್ಕೇಬಿಟ್ಟ. "ತಲೆ ಸರಿ ಇದೆಯಾ? ಅಮ್ಮ ಒಪ್ತಾಳಾ? ಏ ಅಮ್ಮ, ಕೇಳಿಸ್ಕೊಂಡ್ಯಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ತಿರುಗಿದ ಮುಖದಲ್ಲಿ ಕೋಪಕ್ಕಿಂತ ನಾಚಿಕೆ ಹೆಚ್ಚಿತ್ತು. ಅದು ನೊಣದಕ್ಕನನ್ನು ಇರಿಯಿತು.

"ಏನು ಅಂಥಾ ಕೆಲಸ ಅಲ್ಲಿ? ಮಂತ್ರಿ ಬರ್ತಾನಾ?"

"ನನ್ನ ಕೈಯಿಂದ ಒಂದು ತಪ್ಪಾಗಿದೆ. ಹೇಳ್ಬೇಕು."

"ಹೇಳಿದ್ರೆ ಏನಾಗುತ್ತೆ?"

"ಕೆಲಸ ಹೋಗಬಹುದು."

ಗಂಡ ಹಾಸಿಗೆಯ ಮೇಲೆ ಕೂತು ಕಾಲುಚೀಲ ಬಿಚ್ಚಿದ. ಅವನ ದನಿ ಮೆತ್ತಗಾಯಿತು. "ಹೋದ್ರೆ ಹೋಗಲಿ ಬಿಡೇ. ಅದಕ್ಕೆ ಯಾಕೆ ಅಲ್ಲಿ ಹೋಗಿ ನಿಂತ್ಕೋಬೇಕು? ಹೇಳದೇ ಬಿಟ್ಟುಬಿಡು, ಮರ್ಯಾದೆಯಾಗಿ. ಮನೇಲೇ ಇರು. ಅಮ್ಮನಿಗೂ ಆಯ್ತು." ಪರದೆಯ ಕಡೆ ಕೈ ತೋರಿಸಿದ. "ಅದು ಸ್ವಲ್ಪ ಬಿಟ್ಟಿದೆ ನೋಡು, ಬೆಳಕು ಬರ್ತಿದೆ."

ಅವಳು ಪರದೆ ಎಳೆದು ಹೊರಟಳು. ಎರಡೂ ದಾರಿ ಮನೆಗೇ ಬಂದು ಮುಟ್ಟುವಂತೆ ಅವನು ಎಷ್ಟು ಸಲೀಸಾಗಿ ಮಾಡಿಬಿಟ್ಟ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಅವನು ಕೆಟ್ಟವನಲ್ಲ. ಅದೇ ತೊಂದರೆ.

ಬೆಳಿಗ್ಗೆ ಮೇಷ್ಟ್ರಿಗೆ ತರಗತಿ ಇತ್ತು. ಹುಡುಗಿ ಬಂದಿರಲಿಲ್ಲ. ನೊಣದಕ್ಕ ಆಹಾರ ಬೇಯಿಸಲಿಲ್ಲ. ಸೀಸೆಗಳನ್ನು ತೊಳೆದಳು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ನೆಲಮಾಳಿಗೆಗೆ ಹೋಗಿ ಬಿಳಿ ಚೀಟಿಯ ತಟ್ಟೆಗಳ ಮುಂದೆ ನಿಂತಳು. ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಾಗ ನೊಣಗಳು ಗಾಜಿನ ಮೇಲೆ ಚುರುಕಾಗಿ ಓಡಾಡುತ್ತಿದ್ದವು. ಆದರೆ ಆಹಾರದ ಮೇಲೆ ಮೊಟ್ಟೆ ಕಡಿಮೆ, ಹುಳು ಕಡಿಮೆ. ಇಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ.

ಮಧ್ಯಾಹ್ನವಾಗುತ್ತಿದ್ದಂತೆ ಹುಡುಗಿ ಬಂದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದಳು, ಊದಿದ ಕಣ್ಣಿಗೆ ಕನ್ನಡಕದ ಮರೆ. ಪರೀಕ್ಷಕರ ಹಿಂದೆ ಮೇಷ್ಟ್ರ ಕೋಣೆಗೆ ಹೋಗುವಾಗ ಮೆಟ್ಟಿಲ ಬಳಿ ನಿಂತಿದ್ದ ನೊಣದಕ್ಕನನ್ನು ನೋಡಿ, "ಹೋಗ್ಲಿಲ್ವಾ ಅಕ್ಕ ಮನೆಗೆ? ಅಜ್ಜಿ ಕಾಯ್ತಿರ್ತಾರೆ," ಎಂದಳು.

ಬಾಗಿಲು ಮುಚ್ಚಿತು.

ಗೇಟಿನವನು ಕೆಳಗಿನಿಂದ ಕೂಗಿದ. "ಏನು ನೊಣದಕ್ಕ, ಇವತ್ತು ಓಟ ಇಲ್ವಾ? ನಿನ್ನನ್ನ ನೋಡಿ ನಾನು ಗಡಿಯಾರ ಸರಿ ಮಾಡ್ಕೊಳ್ಳೋದು!"

ಅವಳು ಫೋನು ತೆಗೆದು ಹೊತ್ತು ನೋಡಿ ಮತ್ತೆ ಜೇಬಿಗಿಳಿಸಿದಳು. ಈಗ ಹೊರಟರೂ ಹೊತ್ತು ಮೀರಿಲ್ಲ. ಹಾಸಿಗೆಯಲ್ಲಿ ಗೋಡೆಗೆ ತಿರುಗಿಕೊಂಡ ಮುಖ ನೆನಪಾಯಿತು. ಆ ಮುದುಕಿ ಇಂದು ಒದ್ದೆಯಲ್ಲಿ ಮಲಗಿರುತ್ತಾಳೆ, ಇಲ್ಲವೇ ಯಾವುದನ್ನು ನೋಡುವ ಮೊದಲು ಕಣ್ಣು ಮುಚ್ಚಲಿ ಎನ್ನುತ್ತಿದ್ದಳೋ ಅದನ್ನು ಇಂದು ನೋಡುತ್ತಾಳೆ. ಅದರ ಪಾಪ ತನ್ನದೇ ಎಂದು ಸಂಜೆ ಎಲ್ಲರೂ ಹೇಳುತ್ತಾರೆ. ಸಂಜೆಯ ಹೊತ್ತಿಗೆ ಕೆಲಸವೂ ಇರುವುದಿಲ್ಲವೇನೋ. ಒಳಗೆ ಮೇಷ್ಟ್ರ ದನಿ ಏರುತ್ತಿತ್ತು. ಹುಡುಗಿಯ ದನಿ ಕೇಳಿಸುತ್ತಲೇ ಇರಲಿಲ್ಲ.

ನೊಣದಕ್ಕ ನೆಲಮಾಳಿಗೆಗೆ ಇಳಿದು ಬಿಳಿ ಚೀಟಿಯ ತಟ್ಟೆಯೊಂದನ್ನು ಎತ್ತಿಕೊಂಡಳು. ಎರಡು ಕೈಯಲ್ಲೂ ಹಿಡಿಯಬೇಕಾದಷ್ಟು ದೊಡ್ಡ ತಟ್ಟೆ. ಮೆಟ್ಟಿಲು ಹತ್ತುವಾಗ ಸೀಸೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮೇಷ್ಟ್ರ ಬಾಗಿಲ ಮುಂದೆ ಬಂದು ನಿಂತಾಗ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಪಕ್ಕದಲ್ಲಿ ಬೆಂಚಿತ್ತು. ತಟ್ಟೆಯನ್ನು ಅದರ ಮೇಲಿಟ್ಟು ಫೋನು ತೆಗೆದುಕೊಳ್ಳಬಹುದಿತ್ತು.

ಅವಳು ತಟ್ಟೆಯನ್ನು ಕೆಳಗಿಡಲಿಲ್ಲ. ಮೊಣಕೈಯಿಂದ ಬಾಗಿಲು ನೂಕಿ ಒಳಗೆ ಹೋದಳು.